ಬಾಗಿಲು ಮುಚ್ಚಿದರೂ ಕೂಗದವರು

ಅಮಿತಾ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂಬ ಅನುಮಾನ ಭಾಗ್ಯಾಳಿಗೆ ಐರೋಲಿ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗಲೇ ಬಂತು. ಭಾಗ್ಯಾ ಕೇಳಿದ್ದು ದೊಡ್ಡ ಮಾತೇನಲ್ಲ.

“ಆ ಹಳೇ ಗುರುತಿನ ಸರ್ವಿಸ್ ಐತಲ್ಲ, ನಿಮ್ಮ ಟೀಮಿನಾಗ ಯಾರರ ಇನ್ನೂ ಬಳಸಾಕತ್ತಾರೇನು?”

“ಯಾರೂ ಇಲ್ಲ ಕಣೆ. ನಾವೆಲ್ಲ ಯಾವಾಗ್ಲೋ ಹೊಸದಕ್ಕೆ ಹೋಗಾಯ್ತು,” ಎಂದಳು ಅಮಿತಾ. ಎಂದವಳೇ, “ಆ ಶೇರ್ ರಿಕ್ಷಾ ಹಿಡಿ, ತುಂಬಿಬಿಡತ್ತೆ,” ಎಂದು ಮುಂದೆ ಓಡಿದಳು.

ಕೆಲಸದ ವಿಷಯ ಏನು ಕೇಳಿದರೂ ‘ಯಾಕೆ, ಏನಾಯ್ತು’ ಎಂದು ಎದುರು ಪ್ರಶ್ನೆ ಹಾಕದೆ ಬಿಡುವ ಹೆಂಗಸಲ್ಲ ಅವಳು. ಇವತ್ತು ಯಾಕೆ ಎಂದು ಕೇಳಲಿಲ್ಲ. ರಿಕ್ಷಾದಲ್ಲಿ ಪಕ್ಕದಲ್ಲೇ ಕೂತರೂ ಭಾಗ್ಯಾ ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದರೆ ಅಮಿತಾ ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ, ಅದನ್ನು ತಾನು ಕೇಳಬೇಕಾಗುತ್ತದೆ ಎಂಬ ಹಿಂಜರಿಕೆ.

ಇಬ್ಬರದೂ ಹಳೆಯ ಗೆಳೆತನ. ಅಮಿತಾ ಮೈಸೂರಿನವಳು, ಮದುವೆಯಾಗಿ ಡೊಂಬಿವಲಿಗೆ ಬಂದವಳು. ಭಾಗ್ಯಾ ಹುಟ್ಟಿದ್ದೇ ಠಾಣೆಯ ಕೋಪರಿಯಲ್ಲಿ. ಅವಳ ಅಪ್ಪ ಸೈದಪ್ಪ ಕಲಬುರಗಿ ಕಡೆಯಿಂದ ಬಂದು ಗೋದಾಮುಗಳಲ್ಲಿ ಮೂಟೆ ಹೊತ್ತವನು. ಠಾಣೆ ಸ್ಟೇಷನ್ನಿನಲ್ಲಿ ವಾಶಿ ಕಡೆಯ ಗಾಡಿಗೆ ಬದಲಿಸುವಾಗ ಫೋನಿನಲ್ಲಿ ಕನ್ನಡದಲ್ಲಿ ಜಗಳವಾಡುತ್ತಿದ್ದ ಅಮಿತಾಳನ್ನು ಭಾಗ್ಯಾ ತಿರುಗಿ ನೋಡಿದ್ದಳು. ಒಂದೇ ಕಂಪನಿ ಎಂದು ಆಮೇಲೆ ತಿಳಿಯಿತು. ಸೈದಪ್ಪ ಕೊನೆಯ ಸಲ ಆಸ್ಪತ್ರೆಗೆ ಸೇರಿದಾಗ, ಭಾಗ್ಯಾ ಔಷಧಿಗೆ ಓಡಾಡುವಷ್ಟು ಹೊತ್ತೂ ಅವನ ಕೈ ಹಿಡಿದು ಕೂತಿದ್ದವಳು ಅಮಿತಾ. ಅಂಥವಳ ಮೇಲೆ ಅನುಮಾನ ಪಡುವುದು ಭಾಗ್ಯಾಳಿಗೆ ಹಿತವಾಗಿರಲಿಲ್ಲ. ಆದರೆ ಅನುಮಾನ ಪಡುವುದೇ ಅವಳ ಉದ್ಯೋಗ.

ಅವರಿಬ್ಬರೂ ಕೆಲಸ ಮಾಡುವುದು ಊರೂರಿನಲ್ಲಿ ಆಸ್ಪತ್ರೆ, ಲ್ಯಾಬು, ಡಯಾಲಿಸಿಸ್ ಕೇಂದ್ರಗಳನ್ನು ನಡೆಸುವ ದೊಡ್ಡ ಸಮೂಹವೊಂದರಲ್ಲಿ. ಅದರ ಕಂಪ್ಯೂಟರ್ ವಿಭಾಗ ಐರೋಲಿಯಲ್ಲಿದೆ. ಹಿಂದೆ ಅಲ್ಲಿ ಎಲ್ಲವನ್ನೂ ಮಾಡುವ ಒಂದೇ ಭಾರೀ ಪ್ರೋಗ್ರಾಮ್ ಇತ್ತಂತೆ. ಒಂದು ಮೂಲೆ ಕೆಟ್ಟರೆ ಇಡೀ ಆಸ್ಪತ್ರೆ ನಿಲ್ಲುತ್ತಿತ್ತು. ಈಗ ಅದನ್ನು ಒಡೆದು ಸಣ್ಣ ಸಣ್ಣ ಸರ್ವಿಸುಗಳಾಗಿ ಮಾಡಿದ್ದಾರೆ. ರೋಗಿ ಯಾರೆಂದು ಹೇಳುವುದಕ್ಕೆ ಒಂದು, ಬಿಲ್ ಮಾಡುವುದಕ್ಕೆ ಒಂದು, ವೈದ್ಯರ ಸಮಯ ಗೊತ್ತುಮಾಡುವುದಕ್ಕೆ ಒಂದು. ಒಂದಕ್ಕೆ ಏನಾದರೂ ಬೇಕಾದರೆ ಇನ್ನೊಂದನ್ನು ಕೇಳುತ್ತದೆ. ಯಾರು ಯಾರನ್ನು ಕೇಳಬಹುದು, ಏನನ್ನು ಕೇಳಬಹುದು, ಹಳೆಯದನ್ನು ಯಾವಾಗ ಮುಚ್ಚಿ ಹೊಸದನ್ನು ತೆರೆಯಬೇಕು, ಇವುಗಳಿಗೊಂದು ಕಟ್ಟುಪಾಡು ಬೇಕಲ್ಲ. ಕೇಳುವ ಪ್ರತಿಯೊಂದು ಪ್ರೋಗ್ರಾಮಿಗೂ ಒಂದು ಪಾಸು ಇರುತ್ತದೆ, ಪ್ರತಿ ಪಾಸಿಗೂ ಜವಾಬ್ದಾರರೆಂದು ಒಬ್ಬ ಮನುಷ್ಯನ ಹೆಸರು ಇರುತ್ತದೆ. ಆ ಪಾಸು ಕೊಡುವವಳು, ಕಿತ್ತುಕೊಳ್ಳುವವಳು ಭಾಗ್ಯಾ. ಆಫೀಸಿನ ಹುಡುಗರು ಬೆನ್ನ ಹಿಂದೆ ಅವಳನ್ನು ‘ಗೇಟ್‌ವಾಲಿ ಬಾಯಿ’, ಅಂದರೆ ಗೇಟು ಕಾಯುವ ಹೆಂಗಸು, ಎನ್ನುತ್ತಾರೆ. ಅವಳಿಗೆ ಅದು ಗೊತ್ತು.

ಈ ಕೆಲಸ ಅವಳಿಗೆ ಒಗ್ಗಿದ್ದಕ್ಕೆ ಕಾರಣವಿದೆ. ಕೋಪರಿಯ ಚಾಳೆಂಬ ವಠಾರದಲ್ಲಿ ಎಲ್ಲರಿಗೂ ಸೇರಿ ಒಂದೇ ನಲ್ಲಿ. ನೀರು ಬರುವ ಹೊತ್ತಿಗೆ ಅವಳ ತಾಯಿ ಚಂದವ್ವ ಮಗಳನ್ನು ಅಲ್ಲಿ ನಿಲ್ಲಿಸುತ್ತಿದ್ದಳು. ಯಾರು ತಮ್ಮ ಪಾಳಿಯಲ್ಲಿ ತಂಗಿಯ ಕೊಡವನ್ನೂ ತೂರಿಸುತ್ತಾರೆ, ಯಾರು ಊರಿಗೆ ಹೋದವರ ಪಾಳಿಯನ್ನು ಸದ್ದಿಲ್ಲದೆ ತಮ್ಮದು ಮಾಡಿಕೊಳ್ಳುತ್ತಾರೆ ಎಂದು ನೋಡುವುದು ಆ ಮಗುವಿನ ಕೆಲಸ. ಮುಂದೆ ಡಿಪ್ಲೊಮಾ ಓದಿ ಈ ಸಮೂಹದ ದೂರು ವಿಭಾಗದಲ್ಲಿ ಫೋನ್ ಎತ್ತುವವಳಾಗಿ ಸೇರಿದಳು. ವರ್ಷಗಟ್ಟಲೆ ಜನರ ಸಿಟ್ಟನ್ನು ಕಿವಿಯಲ್ಲಿ ಹಾಕಿಕೊಂಡ ಮೇಲೆ ಅವಳ ಮನಸ್ಸಿನಲ್ಲಿ ಒಂದು ನಂಬಿಕೆ ಕೂತುಬಿಟ್ಟಿತು. ನಿಜವಾಗಿ ತೊಂದರೆಯಾದವನು ಕೂಗುತ್ತಾನೆ; ತಪ್ಪು ಮಾಡಿದವನು ಮಾತ್ರ ಸುಮ್ಮನಿರುತ್ತಾನೆ.

ಆ ನಂಬಿಕೆಯ ಮೇಲೆಯೇ ಅವಳ ವಿಭಾಗದ ಒಂದು ಪದ್ಧತಿ ನಿಂತಿತ್ತು. ಹಳೆಯ ಸರ್ವಿಸೊಂದನ್ನು ಶಾಶ್ವತವಾಗಿ ನಿಲ್ಲಿಸುವ ಮೊದಲು, ಯಾರಿಗೂ ಹೇಳದೆ ಸ್ವಲ್ಪ ಹೊತ್ತು ಮುಚ್ಚಿ ನೋಡುವುದು. ಗುಟ್ಟಾಗಿ ಬಳಸುತ್ತಿರುವವರು ಯಾರಾದರೂ ಇದ್ದರೆ ‘ನಮ್ಮದು ನಿಂತುಹೋಯಿತು’ ಎಂದು ಫೋನ್ ಮಾಡುತ್ತಾರೆ. ಕೂಗಿದವರನ್ನು ಹೊಸದಕ್ಕೆ ಕಳಿಸಿ ಬಾಗಿಲು ಹಾಕುವುದು.

ರೋಗಿಗಳ ಗುರುತು ಹೇಳುವ ಹಳೆಯ ಸರ್ವಿಸಿಗೂ ಆ ಗಳಿಗೆ ಬಂದಿತ್ತು. ಎಲ್ಲರೂ ಹೊಸದಕ್ಕೆ ಹೋಗಿಯಾಗಿತ್ತು. ಆದರೆ ಒಂದು ಪಾಸು ಮಾತ್ರ ಬೆಳಗಿನ ಹೊತ್ತು ಬಂದು ಹಳೆಯ ಬಾಗಿಲನ್ನೇ ತಟ್ಟುತ್ತಿತ್ತು, ರೋಗಿಗಳ ವಿವರ ಕೇಳಿಕೊಂಡು ಹೋಗುತ್ತಿತ್ತು. ಪಾಸು ಅಮಿತಾಳ ಟೀಮಿನದು, ಜವಾಬ್ದಾರಳು ಅಮಿತಾ. ತಟ್ಟುವ ಕೈ ಮಾತ್ರ ಐರೋಲಿಯ ಯಂತ್ರದ್ದಲ್ಲ, ಹೊರಗಿನದು.

ಭಾಗ್ಯಾಳ ಮೇಲಧಿಕಾರಿ ಪ್ರೇಮನಾಥ ಅದನ್ನು ನೋಡಿ ಕನ್ನಡಕ ತೆಗೆದಿಟ್ಟರು. ಅವರು ಮಂಗಳೂರು ಕಡೆಯವರು, ಧ್ವನಿ ಏರಿಸುವವರಲ್ಲ.

“ಗುಣಪಾಲನದ್ದೇ ಕಥೆ ಅಲ್ವಾ ಇದು?”

ಗುಣಪಾಲ ಹಿಂದಿನ ವರ್ಷ ತನ್ನ ಪಾಸನ್ನು ಹೊರಗಿನವರೊಬ್ಬರಿಗೆ ಕೊಟ್ಟು ಸಿಕ್ಕಿಬಿದ್ದವನು. ಸಂಜೆಯೊಳಗೆ ಅವನ ಗುರುತಿನ ಚೀಟಿ ಇಸಿದುಕೊಂಡು ಮನೆಗೆ ಕಳಿಸಿದ್ದರು. ಆಮೇಲೆ ಪಾಸಿನ ಜವಾಬ್ದಾರರು ಕಾಯಂ ನೌಕರರೇ ಆಗಿರಬೇಕು ಎಂಬ ನಿಯಮವನ್ನು ಬರೆದವಳು ಭಾಗ್ಯಾ.

“ಗೊತ್ತಿಲ್ಲ ಸರ್. ಮುಚ್ಚಿ ನೋಡೂಣು.”

“ನೋಡಿ. ಶುಕ್ರವಾರದ ಮೀಟಿಂಗಿಗೆ ನನಗೆ ಒಂದು ಹೆಸರು ಬೇಕು. ಕೊಟ್ಟದ್ದು ಅಮಿತಾ ಅಂತಾದ್ರೆ ಅವರಿಗೂ ಅದೇ ದಾರಿ. ನಿಮ್ಮ ಫ್ರೆಂಡ್ ಅಂತ ನಂಗೆ ಗೊತ್ತುಂಟು, ಅದಕ್ಕೇ ಮೊದಲೇ ಹೇಳಿದೆ.”

ಮರುದಿನ ಬೆಳಿಗ್ಗೆ ಭಾಗ್ಯಾ ಮನೆಯಲ್ಲಿ ಶರಣಬಸವೇಶ್ವರರ ಪಟದ ಮುಂದೆ ದೀಪ ಹಚ್ಚಿ ವಿಭೂತಿ ಹಚ್ಚಿಕೊಂಡಳು. ದಿನವೂ ಏನೂ ಬೇಡದೆ ಕೈ ಮುಗಿಯುವವಳು ಅಂದು ‘ಯಪ್ಪಾ, ನನ್ನ ಅನುಮಾನ ಸುಳ್ಳಾಗಲಿ’ ಎಂದು ಬೇಡಿಕೊಂಡಳು. ಆಫೀಸಿಗೆ ಹೋಗಿ ಹಳೆಯ ಸರ್ವಿಸನ್ನು ಮುಚ್ಚಿದಳು.

ಫೋನಿನ ಮುಂದೆ ಕಾದಳು. ಒಂದು ಕರೆಯೂ ಬರಲಿಲ್ಲ. ದೂರು ವಿಭಾಗಕ್ಕೆ ತಾನೇ ಹೋಗಿ ಕೇಳಿದಳು. ಅಲ್ಲಿಯೂ ಏನೂ ಇಲ್ಲ. ಇತ್ತ ಆ ಪಾಸು ಮಾತ್ರ ಮುಚ್ಚಿದ ಬಾಗಿಲನ್ನು ಮತ್ತೆ ಮತ್ತೆ ತಟ್ಟಿ, ಕೊನೆಗೆ ಸುಮ್ಮನಾಯಿತು. ಬೇಕಾದದ್ದು ಸಿಗದೆ ಹೋದರೂ ಸೊಲ್ಲೆತ್ತಲಿಲ್ಲ ಎಂದರೆ, ತಾನು ಯಾರೆಂದು ತಿಳಿಯುವುದು ಅವರಿಗೆ ಬೇಡವಾಗಿದೆ. ತಲೆಯೆತ್ತಿದರೆ ಗಾಜಿನಾಚೆ ಅಮಿತಾ ಫೋನನ್ನು ಕಿವಿಗೊತ್ತಿಕೊಂಡು, ಬಾಯಿಗೆ ಕೈ ಅಡ್ಡ ಇಟ್ಟು, ಮೆಟ್ಟಿಲ ಕಡೆ ನಡೆಯುತ್ತಿದ್ದಳು.

ಹಳೆಯ ಸರ್ವಿಸನ್ನು ಮತ್ತೆ ತೆರೆದಿಟ್ಟು, ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಭಾಗ್ಯಾ ಕೇಳಿದಳು. “ಮುಂಜಾನಿ ಯಾರದು ಫೋನು?”

“ಮನೇದು ಕಣೆ. ಅತ್ತೆಗೆ ಹುಷಾರಿಲ್ಲ ಅಂತ.”

“ಏನಾಗೇದ?”

“ಏನಿಲ್ಲ, ವಯಸ್ಸು. ಈ ಚಟ್ನಿಪುಡಿ ನಿಮ್ಮಮ್ಮ ಮಾಡಿದ್ದಾ? ಒಂಚೂರು ಹಾಕು.”

ಭಾಗ್ಯಾ ಚಟ್ನಿಪುಡಿ ಹಾಕಿದಳು. ಅದರ ಮೇಲೆ ಎಣ್ಣೆಯನ್ನೂ ಹಾಕಿದಳು. ಮನಸ್ಸಿನಲ್ಲಿ ಮಾತ್ರ, ಮನೆಯ ಫೋನಿಗೆ ಬಾಯಿಗೆ ಕೈ ಅಡ್ಡ ಇಡುವುದು ಯಾಕೆ ಎಂದು ಕೇಳಿಕೊಂಡಳು.

ಸಂಜೆಗೆ ನೆಟ್‌ವರ್ಕಿನವರು ಆ ಕೈ ಎಲ್ಲಿಯದೆಂದು ಹೇಳಿದರು. ಕಲ್ಯಾಣದ ಡಯಾಲಿಸಿಸ್ ಕೇಂದ್ರದ್ದು. ಬೇರೆಯವರ ಕೈಯಲ್ಲಿದ್ದ ಆ ಕೇಂದ್ರವನ್ನು ಸಮೂಹ ಇತ್ತೀಚೆಗೆ ಕೊಂಡುಕೊಂಡಿತ್ತು. ಅಲ್ಲಿಗೆ ಪಾಸೇ ಕೊಟ್ಟಿರಲಿಲ್ಲ. ಭಾಗ್ಯಾಳಿಗೆ ಇನ್ನೊಂದು ನೆನಪಾಯಿತು. ಅಮಿತಾ ಈಚೆಗೆ ಶನಿವಾರಗಳಲ್ಲಿ ‘ಕಲ್ಯಾಣದಲ್ಲಿ ಕೆಲಸ ಇದೆ’ ಎಂದು ಕೋಪರಿಯ ಮನೆಗೆ ಬರುವುದನ್ನು ನಿಲ್ಲಿಸಿದ್ದಳು. ಏನು ಕೆಲಸ ಎಂದು ಹೇಳಿರಲಿಲ್ಲ. ರೋಗಿಗಳ ಹೆಸರು, ಫೋನ್ ನಂಬರು, ಕಾಯಿಲೆ ಎಲ್ಲವೂ ಆ ಬಾಗಿಲಿನಿಂದ ಹೋಗುತ್ತಿವೆ. ಕೊಳ್ಳುವವರಿಗೇನು ಬರವೇ.

ಗುರುವಾರ ಭಾಗ್ಯಾ ಅರ್ಧ ರಜೆ ಹಾಕಿ, ಅಮಿತಾಳಿಗೆ ತಲೆನೋವೆಂದು ಹೇಳಿ, ಕಲ್ಯಾಣದ ಗಾಡಿ ಹತ್ತಿದಳು. ತಾನೂ ಒಂದು ಸುಳ್ಳು ಹೇಳಿದ್ದು ಡೊಂಬಿವಲಿ ದಾಟಿದ ಮೇಲೆ ಅವಳ ಅರಿವಿಗೆ ಬಂತು.

ಕೇಂದ್ರ ಮುರಬಾಡ್ ರಸ್ತೆಯ ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿತ್ತು. ‘ಸಂಬಂಧಿಕರೊಬ್ಬರಿಗೆ ಡಯಾಲಿಸಿಸ್ ಬೇಕಾಗಿದೆ, ಕೇಳಲು ಬಂದೆ’ ಎಂದು ಬಾಗಿಲಲ್ಲಿ ಮರಾಠಿಯಲ್ಲಿ ಹೇಳಿ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ದಪ್ಪ ಸೆರಗಿನ ಒಬ್ಬ ಮುದುಕಿ ತನ್ನ ಪಾಳಿಗೆ ಕಾಯುತ್ತಿದ್ದಳು. ಒಳಗಿನಿಂದ ಮೂವತ್ತರ ಆಸುಪಾಸಿನ ಟೆಕ್ನಿಷಿಯನ್ ಬಂದ.

“ಸಾಬವ್ವ, ತೂಕಾ ಮಾಡ್ಕೊಂಬಾ. ಮನ್ಯಾಗ ನೀರು ಎಷ್ಟು ಕುಡ್ದಿ?”

“ನಾ ಎಲ್ಲಿ ಕುಡೀಲಿ ಅಂಬರೀಶ. ಬಾಯಿ ತೋಯ್ಸೀನಿ, ಅಷ್ಟ.”

“ಹೋದ ಸರ್ತೀನೂ ಬಾಯಿ ತೋಯ್ಸೀನಿ ಅಂದಿದ್ದಿ. ಮಷೀನು ಕೊಡಗಟ್ಟಲೆ ತಗೀತು.”

ಮುದುಕಿ ನಕ್ಕಳು. ಭಾಗ್ಯಾಳಿಗೂ ನಗು ಬಂತು. ನಕ್ಕಿದ್ದನ್ನು ನೋಡಿ ಅಂಬರೀಶ, “ಕನ್ನಡದವ್ರೇನ್ರಿ? ನಾವು ರಾಯಚೂರು ಕಡ್ಯಾವ್ರು,” ಎಂದ. ಭಾಗ್ಯಾ ಹೌದೆಂದಳು, ತನ್ನ ಹೆಸರು ಹೇಳಲಿಲ್ಲ. ಅವನು ಒಳಗೆ ಹೋದ ಮೇಲೆ ಮುದುಕಿಯನ್ನು ಮೆಲ್ಲಗೆ ಕೇಳಿದಳು. “ಇಲ್ಲಿ ಎಲ್ಲಾ ಛಲೋ ನೋಡ್ತಾರೇನಬೇ? ಕಂಪ್ಯೂಟರು ಗಿಂಪ್ಯೂಟರು ಎಲ್ಲಾ ಸರಿ ಐತಿಲ್ಲೊ?”

“ನೋಡ್ತಾರವ್ವ. ಮೊನ್ನೆ ಅಷ್ಟ ಭಾಳ ಹೊತ್ತು ಕುಂದ್ರಸಿದ್ರು. ನಮ್ಮ ಹೆಸರ ಬರವಲ್ದಂತ ಅದರಾಗ. ನನ್ನ ಒಣಾ ತೂಕ ಎಷ್ಟು ಅಂತ ನನ್ನ ಮಗನಿಗೆ ಫೋನು ಹಚ್ಚಿದ್ರು, ಅವಗೇನು ಗೊತ್ತು. ಡಾಕ್ಟರಿಗೆ ಹಚ್ಚಿದ್ರು. ಉಸಿರು ಕಟ್ಟಿದಂಗ ಆಗಿತ್ತವ್ವ ನನಗ.”

ಒಣ ತೂಕವೆಂದರೆ ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ. ಅದು ಗೊತ್ತಿಲ್ಲದೆ ಎಷ್ಟು ನೀರು ತೆಗೆಯಬೇಕೆಂದು ಯಂತ್ರಕ್ಕೆ ಹೇಳಲಾಗುವುದಿಲ್ಲ. ಹಾಗಾದರೆ ಮೊನ್ನೆ ತಾನು ಬಾಗಿಲು ಮುಚ್ಚಿ ಫೋನಿನ ಮುಂದೆ ಕೂತಿದ್ದಾಗ ಈ ಮುದುಕಿ ಈ ಬೆಂಚಿನ ಮೇಲೆ ಉಸಿರಿಗೆ ಒದ್ದಾಡುತ್ತ ಕೂತಿದ್ದಳು.

ಆದರೂ ಅವಳ ಅನುಮಾನ ಬಿಡಲಿಲ್ಲ. ಅಂಬರೀಶ ಮತ್ತೆ ಹೊರಬಂದಾಗ ಕೇಳಿದಳು. “ಮೊನ್ನೆ ಹಂಗಾದಾಗ ನೀವು ಆಫೀಸಿಗೆ ಕಂಪ್ಲೇಂಟ್ ಯಾಕ ಹಾಕ್ಲಿಲ್ಲ?”

“ಹಾಕಿದ್ರ ಯಾರ ಪಾಸಿನಾಗ ನಡಸೀರಿ ಅಂತ ಕೇಳ್ತಾರ್ರಿ. ನಮ್ಮದು ಅಂತ ಪಾಸ ಇಲ್ಲ. ನಮ್ಮ ಕಂಪ್ಯೂಟರು ಹಳೇದು, ಹಳೇ ಸರ್ವಿಸ್ ಅಷ್ಟ ತಿಳೀತದ ಅದಕ್ಕ. ಪಾಸ್ ಕೊಡ್ರಿ ಅಂತ ಅರ್ಜಿ ಹಾಕ್ದಾಗೊಮ್ಮೆ ವಾಪಸ್ ಬಂತು. ಜವಾಬ್ದಾರರು ಕಾಯಂ ನೌಕರ ಇರಬೇಕಂತ. ಇಲ್ಲಿ ಕಸಾ ಹೊಡ್ಯಾಕಿಯಿಂದ ಹಿಡ್ದು ನನ್ನ ತನಕ ಎಲ್ಲಾರೂ ಕಾಂಟ್ರ್ಯಾಕ್ಟಿನ್ಯಾಗ ಅದೀವ್ರಿ. ಯಾರ ಹೆಸರ ಬರೀಲಿ, ಗಣಪತೀದು?” ಅವನು ಧ್ವನಿ ತಗ್ಗಿಸಿದ. “ಐರೋಲ್ಯಾಗ ಒಬ್ಬಾಕಿ ಅದಾಳಂತ್ರಿ ಗೇಟ್‌ವಾಲಿ. ಭಾಳ ಖಡಕ್. ಕಂಪ್ಲೇಂಟ್ ಹಾಕಿದವ್ರ್ದ ಮೊದ್ಲು ಕಿತ್ಕೊಂತಾಳಂತ. ಹೆಸರು ನೋಡ್ರಿ, ಭಾಗ್ಯಾ.”

“ನಾನ ಆಕಿ,” ಎಂದಳು ಭಾಗ್ಯಾ.

ಅಂಬರೀಶನ ಮುಖದ ಬಣ್ಣ ಇಳಿಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದು ಡಯಾಲಿಸಿಸ್ ಕೋಣೆಯ ಬಾಗಿಲಿಗೆ ಅಡ್ಡ ನಿಂತ, ಇವಳು ಒಳಗೆ ನುಗ್ಗಿ ಯಂತ್ರಗಳನ್ನು ನಿಲ್ಲಿಸಿಬಿಡುತ್ತಾಳೆ ಎಂಬಂತೆ. ಸಾಬವ್ವ ಮಾತ್ರ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಇಷ್ಟ ಸಣ್ಣಾಕಿ? ನಾ ಯಾರೋ ಪೊಲೀಸ್ ಬಾಯಿ ಅನ್ಕೊಂಡಿದ್ದೆ. ಏ ಅಂಬರೀಶ, ಹೆದರಬ್ಯಾಡೋ. ಆ ಅಮಿತಾ ಬಾಯೀಗೆ ಫೋನು ಹಚ್ಚು, ಆಕಿ ಮಾತಾಡ್ತಾಳ. ಆಕೀ ಅತ್ತೀನೂ ಇಲ್ಲೇ ನಮ್ಮ ಜೋಡಿ ಮಷೀನಿಗೆ ಮಕ್ಕೋತಾಳಲ್ಲ, ಆ ಪುಟ್ಟಮ್ಮ.”

ಆ ಮಾತಿಗೆ ಅನುಮಾನ ಮತ್ತೊಂದು ಕಡೆ ಹೊರಳಿತು. ಅಮಿತಾ ಪಾಸು ಕೊಟ್ಟಿದ್ದು ಕೇಂದ್ರಕ್ಕಾಗಿಯೋ, ತನ್ನ ಅತ್ತೆಗಾಗಿಯೋ. ಪುಟ್ಟಮ್ಮ ಇಲ್ಲಿಗೆ ಬರದೆ ಇದ್ದಿದ್ದರೆ ಸಾಬವ್ವನ ಒಣ ತೂಕ ಅಮಿತಾಳಿಗೆ ಕಾಣುತ್ತಿತ್ತೋ. ಭಾಗ್ಯಾ ಅಂಬರೀಶನ ಯಂತ್ರವನ್ನು ತಾನೇ ಕೂತು ನೋಡಿದಳು. ಅಲ್ಲಿಯ ರೋಗಿಗಳ ವಿವರ ಬಿಟ್ಟು ಬೇರೇನನ್ನೂ ಅದು ಕೇಳಿರಲಿಲ್ಲ. ಹೊರಗೆ ಎಲ್ಲಿಗೂ ಏನೂ ಹೋಗಿರಲಿಲ್ಲ. ಅಷ್ಟು ಖಚಿತವಾದ ಮೇಲೆಯೇ ಎದ್ದಳು.

ಸಂಜೆ ಅಮಿತಾಳನ್ನು ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಕಾದು ಹಿಡಿದಳು. ಜನ ಎರಡೂ ಕಡೆಯಿಂದ ನೂಕುತ್ತಿದ್ದರು. ಇಬ್ಬರೂ ಕಂಬಿಗೆ ಒತ್ತಿ ನಿಂತರು.

“ಕಲ್ಯಾಣಕ್ಕ ಹೋಗಿ ಬಂದೆ.”

“ಅಂಬರೀಶ ಹೇಳಿದ.” ಅಮಿತಾ ಎಲ್ಲೋ ನೋಡುತ್ತ ನಿಂತಳು. “ತಲೆನೋವು ಹೋಯ್ತಾ?”

“ನನಗ ಒಂದು ಮಾತು ಯಾಕ ಹೇಳಲಿಲ್ಲ?”

“ಹೇಳಿದ್ರೆ ನೀನು ಮುಚ್ಚಿಬಿಡ್ತಿದ್ದೆ.”

“ಮುಚ್ಚತಿದ್ದೆ.”

“ಅದಕ್ಕೇ ಹೇಳಲಿಲ್ಲ.” ಅಮಿತಾ ಬ್ಯಾಗಿನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. “ಅವರ ಅರ್ಜಿ ನಿನ್ನ ಟೇಬಲ್ಲಿಗೇ ಬಂದಿತ್ತು ಕಣೆ. ನೀನು ಒಂದು ಫೋನ್ ಮಾಡಿ, ಯಾರಪ್ಪಾ ನೀವು, ಅಲ್ಲಿ ಏನು ನಡೆಯತ್ತೆ ಅಂತ ಕೇಳಲಿಲ್ಲ. ನಿಯಮದ ನಂಬರ್ ಹಾಕಿ ವಾಪಸ್ ಕಳಿಸ್ದೆ. ಆಮೇಲೆ ನನ್ನ ಮೇಲೆ ಅನುಮಾನ ಪಟ್ಟೆ.”

“ಅನುಮಾನ ಸುಳ್ಳಾಗಲಿಲ್ಲಲ್ಲ ಅಮಿತಾ. ಪಾಸು ನೀನ ಕೊಟ್ಟಿ. ನನ್ನ ಮುಖಾ ನೋಡಿ ಯಾರೂ ಇಲ್ಲ ಅಂದಿ.”

“ಅಂದೆ.” ಅಮಿತಾ ಈಗ ಅವಳ ಕಡೆ ತಿರುಗಿ ಕೇಳಿದಳು. “ನಾಳೆ ಹೆಸರು ಹೇಳ್ತೀಯಾ? ಅತ್ತೆಗೆ ನನ್ನ ಇನ್ಶೂರೆನ್ಸಿನಲ್ಲೇ ನಡೀತಿರೋದು. ನಂಗೆ ಕೆಲಸ ಹೋದ್ರೆ ಅದೂ ಹೋಗತ್ತೆ.”

ಭಾಗ್ಯಾ ಠಾಣೆಯ ಗಾಡಿ ಬಂತೆಂದು ಮೆಟ್ಟಿಲಿಳಿದಳು.

ಶುಕ್ರವಾರದ ಮೀಟಿಂಗಿನಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಪಾಸು ಅಮಿತಾಳದು, ಕೊಟ್ಟವಳು ಅವಳೇ, ಕೇಳಿದಾಗ ಇಲ್ಲವೆಂದಳು. ಅಮಿತಾ ಮೇಜಿನ ಆಚೆ ತಲೆ ತಗ್ಗಿಸಿ ಕೂತಿದ್ದಳು. ಭಾಗ್ಯಾ ಅಲ್ಲಿಗೆ ನಿಲ್ಲಿಸಲಿಲ್ಲ. ಕಲ್ಯಾಣದ ಅರ್ಜಿ ಬಂದದ್ದನ್ನು, ತಾನು ವಾಪಸು ಕಳಿಸಿದ್ದನ್ನು, ಕಾಯಂ ನೌಕರನೇ ಇಲ್ಲದ ಕಡೆ ಕಾಯಂ ನೌಕರನ ಹೆಸರು ಕೇಳುವ ನಿಯಮವನ್ನು ಬರೆದವಳು ತಾನೇ ಎಂಬುದನ್ನು ಹೇಳಿದಳು. ಮೊನ್ನೆ ಬಾಗಿಲು ಮುಚ್ಚಿದಾಗ ಅಲ್ಲಿ ಏನಾಯಿತೆಂದು ಹೇಳಿದಳು. “ಅವ್ರು ಕೂಗಲಿಲ್ಲ ಅಂತ ಕಳ್ಳರು ಅಂದ್ಕೊಂಡೆ ಸರ್. ಅವ್ರು ನನಗ ಹೆದರಿ ಕೂಗಲಿಲ್ಲ. ಅಮಿತಾನ್ನ ತಗದ್ರ ಇನ್ನ ಮುಂದ ಯಾವ ಕೇಂದ್ರದವ್ರೂ ಬಾಯಿ ಬಿಡೂದಿಲ್ಲ. ನಾವು ಮುಚ್ಚಿ ನೋಡೂದಕ್ಕ ಅರ್ಥನ ಇರೂದಿಲ್ಲ.”

ಪ್ರೇಮನಾಥರು ಪೆನ್ನು ಕೆಳಗಿಟ್ಟರು. “ನೀವು ಹೇಳುವುದು ಸರಿಯೇ ಇರಬಹುದು ಮಾರಾಯ್ತಿ. ಆದ್ರೆ ಗುಣಪಾಲನ ಪರವಾಗಿ ನೀವು ಹೀಗೆ ಮಾತಾಡ್ಲಿಲ್ಲ ಅಲ್ವಾ? ಅವನು ನಿಮ್ಮ ಫ್ರೆಂಡ್ ಆಗಿರ್ಲಿಲ್ಲ, ಅದಕ್ಕಾ?”

ಕೋಣೆಯಲ್ಲಿದ್ದ ಎಲ್ಲರೂ ಭಾಗ್ಯಾಳ ಕಡೆ ತಿರುಗಿದರು. ತಾನು ಇಷ್ಟು ವರ್ಷ ಬೇರೆಯವರನ್ನು ನೋಡಿದ ಕಣ್ಣೇ ಈಗ ತನ್ನ ಮೇಲೆ ನೆಟ್ಟಿದೆ ಎಂದು ಅವಳಿಗೆ ಅನಿಸಿತು. ಅದು ಅನ್ಯಾಯವೆಂದು ಅನಿಸಲಿಲ್ಲ.

“ಗುಣಪಾಲ ಯಾರಿಗೆ ಕೊಟ್ಟಿದ್ದ, ಯಾಕ ಕೊಟ್ಟಿದ್ದ ಅಂತ ನಾನು ಹೋಗಿ ನೋಡಲೇ ಇಲ್ಲ ಸರ್. ಫ್ರೆಂಡ್ ಅಂತ ಕಲ್ಯಾಣಕ್ಕ ಹೋದೆ. ಅದು ಖರೆ.”

ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು. ಅಮಿತಾಳ ಕೆಲಸ ಉಳಿಯಿತು. ಆದರೆ ಪಾಸುಗಳ ಜವಾಬ್ದಾರಿ ಕಿತ್ತುಕೊಂಡು ಅವಳನ್ನು ಬೇರೆ ಟೀಮಿಗೆ ಹಾಕಿದರು. ಕಲ್ಯಾಣದ ಯಂತ್ರ ಬದಲಾಗುವವರೆಗೆ ಹಳೆಯ ಸರ್ವಿಸು ಆ ಕೇಂದ್ರಕ್ಕೆ ತೆರೆದಿರಲಿ ಎಂದಾಯಿತು. ಗುತ್ತಿಗೆಯವರೂ ಜವಾಬ್ದಾರರಾಗಬಹುದೆಂದು ನಿಯಮ ತಿದ್ದಿದರು. ಇನ್ನು ಮುಂದೆ ಭಾಗ್ಯಾ ಕೊಡುವ ಪ್ರತಿಯೊಂದು ಪಾಸನ್ನೂ ಪ್ರೇಮನಾಥರು ಇನ್ನೊಮ್ಮೆ ನೋಡಬೇಕು. ಅವಳನ್ನು ಪೂರ್ತಿ ನಂಬಲು ಅವರಿಗೆ ಈಗ ಆಗುತ್ತಿರಲಿಲ್ಲ.

ಲಿಫ್ಟಿನ ಹತ್ತಿರ ಅಮಿತಾ ಸಿಕ್ಕಳು.

“ಹೆಸರು ಹೇಳೇ ಬಿಟ್ಟೆ.”

“ಹೇಳಿದೆ.”

“ಥ್ಯಾಂಕ್ಸ್ ಅನ್ನಬೇಕೋ ಬೈಬೇಕೋ ಗೊತ್ತಾಗ್ತಿಲ್ಲ ಕಣೆ ನಂಗೆ. ಸ್ವಲ್ಪ ದಿನ ನನ್ನ ಪಾಡಿಗೆ ಬಿಡು.” ಲಿಫ್ಟು ಬಂತು. ಅವಳು ಒಳಗೆ ಹೋದಳು. ಭಾಗ್ಯಾ ಹತ್ತಲಿಲ್ಲ.

ಅವಳು ಮತ್ತೆ ತನ್ನ ಜಾಗಕ್ಕೆ ಬಂದು ಕೂತಾಗ ಕಲ್ಯಾಣದ ಹೊಸ ಅರ್ಜಿ ಬಂದಿತ್ತು, ಜವಾಬ್ದಾರನೆಂದು ಅಂಬರೀಶನ ಹೆಸರು ಹೊತ್ತು. ಎಲ್ಲವೂ ಸರಿಯಾಗಿತ್ತು. ಆದರೂ ಅವಳು ಒಪ್ಪಿಗೆ ಒತ್ತುವ ಮೊದಲು ಫೋನ್ ಎತ್ತಿ ಅವನ ನಂಬರು ಹಚ್ಚಿದಳು.

“ಅಂಬರೀಶ, ನಾನು ಭಾಗ್ಯಾ. ನಿಮ್ಮ ಕಂಪ್ಯೂಟರ್ ಮುಂದ ನೀವ್ ಬಿಟ್ಟು ಮತ್ತ ಯಾರ್ಯಾರು ಕುಂದ್ರತಾರ?”

ಆಚೆ ಯಂತ್ರಗಳ ಸದ್ದಿನ ನಡುವೆ ಅವನು ಕೇಳಿದ. “ಯಾಕ್ರಿ ಮೇಡಂ, ಇನ್ನೂ ಅನುಮಾನ ಐತೇನ್ರಿ?”

“ಐತಿ,” ಎಂದಳು ಭಾಗ್ಯಾ. “ಅದಕ್ಕ ಕೇಳಾಕತ್ತೀನಿ. ಹೇಳ್ರಿ, ನನಗ ಟೈಮ್ ಐತಿ.”

ಅವನು ಒಬ್ಬೊಬ್ಬರ ಹೆಸರನ್ನೇ ಹೇಳತೊಡಗಿದ.